ಅಮ್ಮನ ಕಾಮಾಲೆ, ಪಿತ್ತಕೋಶದ ಕಲ್ಲು: ಮೊದಲ ನೋವಿನಿಂದ ಸ್ಟೆಂಟ್ ತೆಗೆಯುವ ತನಕ

ಹೋದ ವಾರ ಅಮ್ಮನ ಪಿತ್ತನಾಳದಿಂದ ಸ್ಟೆಂಟ್, ಅಂದರೆ ಒಳಗೆ ಇಟ್ಟಿದ್ದ ಸಣ್ಣ ಕೊಳವೆ, ತೆಗೆದರು. ಅಲ್ಲಿಗೆ ಆಸ್ಪತ್ರೆಯ ಓಡಾಟ ಮುಗಿಯಿತು. ಈ ಕೆಲವು ತಿಂಗಳಲ್ಲಿ ನಾವು ಮೊದಲು ಕೇಳಿಯೇ ಇರದ ಎಷ್ಟೋ ಹೆಸರು ಕಲಿತೆವು. ಎಲ್‌ಎಫ್‌ಟಿ, ಎಂಆರ್‌ಸಿಪಿ, ಇಆರ್‌ಸಿಪಿ. ಒಂದೊಂದು ಬಂದಾಗಲೂ ರಾತ್ರಿ ಕೂತು ಹುಡುಕುತ್ತಿದ್ದೆ. ಕನ್ನಡದಲ್ಲಿ ಹುಡುಕಿದರೆ ಮನೆಮದ್ದೇ ಜಾಸ್ತಿ ಸಿಗುತ್ತಿತ್ತು. ಆಸ್ಪತ್ರೆಯಲ್ಲಿ ನಿಜವಾಗಿ ಏನು ಮಾಡುತ್ತಾರೆ, ಯಾವ ಕಾಗದ ಕೇಳುತ್ತಾರೆ, ಎಲ್ಲಿ ಕಾಯಬೇಕು, ಕೈಯಿಂದ ಎಷ್ಟು ಹೋಗುತ್ತದೆ, ಇದು ಎಲ್ಲೂ ಸಿಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ನಮ್ಮ ಅಮ್ಮನಿಗೆ ಆದದ್ದು, ಡಾಕ್ಟರುಗಳು ನಮಗೆ ಬಿಡಿಸಿ ಹೇಳಿದ್ದು, ಅಷ್ಟೇ ಇಲ್ಲಿದೆ.

ಅಮ್ಮ ಅಪ್ಪ ತಮ್ಮ ಇರುವುದು ತಿಪಟೂರಿನ ಹತ್ತಿರದ ಹಳ್ಳಿಯಲ್ಲಿ. ತೆಂಗಿನ ತೋಟ. ನಾನು ಮದುವೆಯಾಗಿ ಬೆಂಗಳೂರಿನಲ್ಲಿದ್ದೇನೆ. ಅಮ್ಮನಿಗೆ 58 ವರ್ಷ, ಶುಗರ್ ಇದೆ, ಅದಕ್ಕೆ ಮಾತ್ರೆ ತಗೋತಾರೆ.

ನೋವು ಶುರುವಾಗಿದ್ದು ಚಳಿಗಾಲದಲ್ಲಿ. ರಾತ್ರಿ ಊಟವಾಗಿ ಸ್ವಲ್ಪ ಹೊತ್ತಿಗೆ ಹೊಟ್ಟೆಯ ಮೇಲ್ಭಾಗದಲ್ಲಿ ಹಿಡಿದುಕೊಳ್ಳುತ್ತಿತ್ತು. ಅಲ್ಲಿಂದ ಬಲಪಕ್ಕೆಗೆ, ಬೆನ್ನಿಗೆ, ಬಲ ಹೆಗಲಿಗೆ. ಬೆವರು, ವಾಂತಿ. ಒಂದೆರಡು ಗಂಟೆ ಒದ್ದಾಡಿ ಆಮೇಲೆ ಏನೂ ಆಗಿಲ್ಲವೆಂಬಂತೆ ನಿಂತುಬಿಡುತ್ತಿತ್ತು. ಬೆಳಿಗ್ಗೆ ಎದ್ದು ಅಮ್ಮ ಎಂದಿನ ಹಾಗೆ ಒಲೆ ಮುಂದೆ. "ಗ್ಯಾಸ್ಟ್ರಿಕ್ ಕಣೇ, ಜೀರಿಗೆ ಕಷಾಯ ಕುಡಿದೆ, ಹೋಯ್ತು" ಅಂತ ಫೋನಿನಲ್ಲಿ ಹೇಳುತ್ತಿದ್ದರು. ಊರಿನ ಕ್ಲಿನಿಕ್ಕಿನಲ್ಲೂ ಗ್ಯಾಸ್ಟ್ರಿಕ್ ಅಂತಲೇ ಇಂಜೆಕ್ಷನ್ ಕೊಟ್ಟರು, ಬೆಳಿಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ ಬರೆದರು. ಒಂದು ಸಲ ನೋವು ಎದೆಯ ತನಕ ಬಂತು ಅಂತ ತಮ್ಮ ಗಾಬರಿಯಾಗಿ ಇಸಿಜಿ ಮಾಡಿಸಿದ. ಸರಿಯಾಗೇ ಇತ್ತು. ಇಸಿಜಿ ಮಾಡಿಸಿದ್ದು ಒಳ್ಳೆಯದೇ ಆಯಿತು ಅಂತ ಬೆಂಗಳೂರಿನ ಡಾಕ್ಟರೂ ಆಮೇಲೆ ಹೇಳಿದರು, ಯಾಕೆಂದರೆ ಶುಗರ್ ಇರುವವರಲ್ಲಿ ಹೃದಯದ ನೋವು ಹೊಟ್ಟೆನೋವಿನ ಹಾಗೇ ಬರಬಹುದು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗೆ ಊಟವಾದ ಮೇಲೆ, ಅದರಲ್ಲೂ ಎಣ್ಣೆ ತುಪ್ಪ ಜಾಸ್ತಿ ತಿಂದ ದಿನ, ನೋವು ಬಂದು ತಾನಾಗಿ ಹೋಗುತ್ತಿದ್ದರೆ, ಹೆಗಲಿಗೋ ಬೆನ್ನಿಗೋ ಎಳೆಯುತ್ತಿದ್ದರೆ, ಒಂದು ಹೊಟ್ಟೆ ಸ್ಕ್ಯಾನಿಂಗ್ (ಅಲ್ಟ್ರಾಸೌಂಡ್) ಮಾಡಿಸಿ. ನಮ್ಮೂರಿನಲ್ಲಿ 1,000 ರೂಪಾಯಿ ಆಯಿತು. ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ತಿಂದುಕೊಂಡು ಹೋದರೆ ಪಿತ್ತಕೋಶ ಕುಗ್ಗಿರುತ್ತದೆ, ಕಲ್ಲು ಸರಿಯಾಗಿ ಕಾಣುವುದಿಲ್ಲ.

ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ತಮ್ಮ ಫೋನ್ ಮಾಡಿದ. ಅಮ್ಮನಿಗೆ ಅಂಗೈ ಅಂಗಾಲು ವಿಪರೀತ ಕೆರೆತ, ರಾತ್ರಿ ನಿದ್ದೆ ಇಲ್ಲ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಹೋಗುತ್ತಿದೆ ಅಂದ. ಕಣ್ಣಿನ ಫೋಟೊ ಕಳಿಸು ಅಂದೆ. ಬಿಳಿಗುಡ್ಡೆ ಪೂರಾ ಹಳದಿ.

ಆ ಫೋಟೊ ನೋಡಿ ನನಗೆ ಕೈಕಾಲು ತಣ್ಣಗಾಯಿತು. ಊರಲ್ಲಿ ಮಾತ್ರ ಯಾರಿಗೂ ಅಷ್ಟು ಗಾಬರಿಯಿರಲಿಲ್ಲ. ಕಾಮಾಲೆ ಅಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ವಿಷಯ. ನಾಟಿ ಔಷಧಿ ಕೊಡುವವರು ಸುತ್ತಮುತ್ತ ಇದ್ದಾರೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಿ ಕುಡಿದು ಬರಬೇಕು, ಆಮೇಲೆ ಖಾರ ಎಣ್ಣೆ ಬಿಟ್ಟು ಪಥ್ಯ. ದೊಡ್ಡಮ್ಮ ಆಗಲೇ ಯಾರ ಹತ್ತಿರ ಹೋಗಬೇಕು ಅಂತ ವಿಚಾರಿಸಿಟ್ಟಿದ್ದರು. "ನಿಮ್ಮ ಮಾವನಿಗೆ ಅಷ್ಟು ಜೋರಾಗಿ ಕಾಮಾಲೆ ಆಗಿತ್ತಲ್ಲ, ಅಲ್ಲೇ ವಾಸಿಯಾಗಿದ್ದು. ಇಂಗ್ಲಿಷ್ ಔಷಧಿಲಿ ಕಾಮಾಲೆಗೆ ಮದ್ದೇ ಇಲ್ವಂತೆ" ಅಂದರು. ಅಮ್ಮನ ಮೇಲೆ ಪ್ರೀತಿ ಇದ್ದದ್ದಕ್ಕೇ ಅವರು ಅಷ್ಟು ಓಡಾಡಿದ್ದು. ಮಾವನಿಗೆ ವಾಸಿಯಾಗಿದ್ದೂ ನಿಜ.

ಆದರೆ ಇಲ್ಲಿ ಒಂದು ವಿಷಯ ಎಲ್ಲರಿಗೂ ಗೊತ್ತಾಗಲೇಬೇಕು. ಈ ಬರಹ ಅರ್ಧಕ್ಕೆ ಬಿಟ್ಟರೂ ಪರವಾಗಿಲ್ಲ, ಇಷ್ಟನ್ನು ಓದಿ. ಕಣ್ಣು ಹಳದಿಯಾಗುವುದಕ್ಕೆ ಕಾರಣ ಒಂದೇ ಅಲ್ಲ. ಕೆಟ್ಟ ನೀರು, ಹೊರಗಿನ ತಿಂಡಿಯಿಂದ ಬರುವ ಹೆಪಟೈಟಿಸ್ ಎ, ಹೆಪಟೈಟಿಸ್ ಇ ವೈರಸ್ಸಿನ ಕಾಮಾಲೆ ಬೇರೆ. ಅದು ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ, ನೀವು ಯಾವ ಸೊಪ್ಪು ಕುಡಿದರೂ ಕುಡಿಯದಿದ್ದರೂ. ಮಾವನಿಗೆ ಆಗಿದ್ದು ಬಹುಶಃ ಅದೇ. ರಕ್ತದ ಮೂಲಕ ಬರುವ ಹೆಪಟೈಟಿಸ್ ಬಿ, ಸಿ ಬೇರೆ, ಅವು ವರ್ಷಗಟ್ಟಲೆ ಒಳಗೇ ಕೂತು ಲಿವರ್ ಹಾಳು ಮಾಡಬಹುದು. ಕುಡಿತದಿಂದ ಲಿವರ್ ಕೆಟ್ಟು ಬರುವುದು ಬೇರೆ. ಕೆಲವು ಮಾತ್ರೆ, ಕೆಲವು ಸೊಪ್ಪುಗಳಿಂದಲೂ ಲಿವರ್‌ಗೆ ಏಟು ಬಿದ್ದು ಕಾಮಾಲೆ ಬರುತ್ತದೆ. ಇವೆಲ್ಲ ಬಿಟ್ಟು, ಲಿವರ್ ಚೆನ್ನಾಗೇ ಇದ್ದು ಪಿತ್ತರಸ ಹರಿಯುವ ನಾಳಕ್ಕೆ ಕಲ್ಲೋ ಗಡ್ಡೆಯೋ ಅಡ್ಡ ಬಂದರೂ ಕಣ್ಣು ಹೀಗೇ ಹಳದಿಯಾಗುತ್ತದೆ. ಅಮ್ಮನದು ಇದು. ಹೊರಗಿನಿಂದ ನೋಡಿದರೆ ಎಲ್ಲ ಒಂದೇ ಥರ. ಆದ್ದರಿಂದ ಯಾವ ಔಷಧಿಗೂ ಮೊದಲು ಎರಡು ಪರೀಕ್ಷೆ: ರಕ್ತದಲ್ಲಿ ಎಲ್‌ಎಫ್‌ಟಿ (ಲಿವರ್ ಹೇಗಿದೆ ಅಂತ ನೋಡುವ ಪರೀಕ್ಷೆ), ಹೊಟ್ಟೆಯ ಸ್ಕ್ಯಾನಿಂಗ್. ಎರಡೂ ತಾಲ್ಲೂಕು ಊರುಗಳಲ್ಲಿ ಆಗುತ್ತವೆ, ಒಂದೇ ದಿನದ ಕೆಲಸ.

ಅಪ್ಪ ಯಾರ ಕಡೆಯೂ ಮಾತಾಡಲಿಲ್ಲ. ಅಮ್ಮನಿಗೆ ಸೂಜಿ ಆಸ್ಪತ್ರೆ ಅಂದರೆ ಭಯ, ಅವರ ಮನಸ್ಸು ದೊಡ್ಡಮ್ಮನ ಕಡೆಗೇ ವಾಲಿತ್ತು. ನಾನು ದೊಡ್ಡಮ್ಮನಿಗೇ ಫೋನ್ ಮಾಡಿ ಕೇಳಿಕೊಂಡೆ: "ಎರಡು ಟೆಸ್ಟ್ ಆಗಲಿ ದೊಡ್ಡಮ್ಮ, ಕಲ್ಲು ಇಲ್ಲ ಅಂತ ಬಂದ್ರೆ ಆಮೇಲೆ ಮಾತಾಡೋಣ." ಒಪ್ಪಿದರು. ತಮ್ಮನ ಜೊತೆ ಅವರೇ ಅಮ್ಮನನ್ನು ಕರೆದುಕೊಂಡು ಹೋದರು.

ರಿಪೋರ್ಟ್ ಸಂಜೆ ವಾಟ್ಸಾಪಿನಲ್ಲಿ ಬಂತು. ಕಣ್ಣನ್ನು ಹಳದಿ ಮಾಡುವ ಬಿಲಿರುಬಿನ್ ಒಟ್ಟು 7.8, ಅದರಲ್ಲಿ ಡೈರೆಕ್ಟ್, ಅಂದರೆ ಲಿವರ್ ಸಂಸ್ಕರಿಸಿದ ಭಾಗ, 6.1. ಲಿವರ್‌ಗೆ ಏಟು ಬಿದ್ದಾಗ ಏರುವ ಎಸ್‌ಜಿಪಿಟಿ 210. ಅಲ್ಕಲೈನ್ ಫಾಸ್ಫಟೇಸ್ 540. ಒಟ್ಟು ಬಿಲಿರುಬಿನ್ ಸಾಮಾನ್ಯವಾಗಿ 1.2ರ ಒಳಗಿರಬೇಕು. ಬರೀ ಆ ಒಂದು ಅಂಕಿ ನೋಡಿ "ಜಾಂಡೀಸ್ 7 ಇದೆ" ಅನ್ನುವುದು ಎಲ್ಲರ ರೂಢಿ, ಆದರೆ ಉಳಿದ ಸಾಲುಗಳಲ್ಲೇ ವಿಷಯ ಇರುವುದು. ವೈರಸ್ ಕಾಮಾಲೆ ಜೋರಾಗಿದ್ದಾಗ ಎಸ್‌ಜಿಒಟಿ, ಎಸ್‌ಜಿಪಿಟಿ ಸಾವಿರದ ಲೆಕ್ಕಕ್ಕೆ ಏರುವುದು ಸಾಮಾನ್ಯವಂತೆ. ನಾಳ ಕಟ್ಟಿಕೊಂಡಾಗ ಡೈರೆಕ್ಟ್ ಬಿಲಿರುಬಿನ್ನೂ ಅಲ್ಕಲೈನ್ ಫಾಸ್ಫಟೇಸೂ ಜಾಸ್ತಿಯಾಗುತ್ತವೆ. ಜೊತೆಗೆ ಕೆರೆತ, ಮಲದ ಬಣ್ಣ ಸುಣ್ಣದ ಹಾಗೆ ಬಿಳಿಚಿಕೊಳ್ಳುವುದು. ಅಮ್ಮ ಮಲದ ಬಣ್ಣ ಯಾರಿಗೂ ಹೇಳಿರಲಿಲ್ಲ, ಹೇಳಲು ನಾಚಿಕೆ. ದಯವಿಟ್ಟು ನೀವೇ ಕೇಳಿ, ಡಾಕ್ಟರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದು.

ಸ್ಕ್ಯಾನಿಂಗಿನಲ್ಲಿ ಪಿತ್ತಕೋಶದ ತುಂಬ ಸಣ್ಣ ಸಣ್ಣ ಕಲ್ಲು. ಪಿತ್ತನಾಳ 11 ಮಿಲಿಮೀಟರ್‌ಗೆ ಹಿಗ್ಗಿತ್ತು, 6ರ ಆಸುಪಾಸಿನಲ್ಲಿ ಇರಬೇಕಾದದ್ದು. ನಾಳದ ಕೆಳಗಿನ ತುದಿ ಕರುಳಿನ ಗ್ಯಾಸಿನಿಂದ ಕಾಣುತ್ತಿಲ್ಲ ಅಂತ ಬರೆದಿದ್ದರು. ಅದನ್ನು ನೋಡಲು ಎಂಆರ್‌ಸಿಪಿ ಬೇಕು, ಬೆಂಗಳೂರಿಗೆ ಕರೆದುಕೊಂಡು ಹೋಗಿ ಅಂದರು.

ಮಾರನೇ ಬೆಳಿಗ್ಗೆ ರೈಲಿಗೆ ಅಮ್ಮ, ಅಪ್ಪ ಬಂದರು. ಗ್ಯಾಸ್ಟ್ರೋಎಂಟರಾಲಜಿ, ಅಂದರೆ ಹೊಟ್ಟೆ ಲಿವರ್ ಕಾಯಿಲೆ ನೋಡುವ ಡಾಕ್ಟರನ್ನು ನೋಡಿದೆವು. ಫೀಸು 900. ಕೂತು ಸಮಾಧಾನವಾಗಿ ಬಿಡಿಸಿ ಹೇಳಿದರು. ಲಿವರ್ ದಿನಕ್ಕೆ ಮುಕ್ಕಾಲು ಲೀಟರಿನಷ್ಟು ಪಿತ್ತರಸ ಮಾಡುತ್ತದೆ. ಪಿತ್ತಕೋಶ ಅದನ್ನು ಗಟ್ಟಿ ಮಾಡಿ ಇಟ್ಟುಕೊಂಡಿರುತ್ತದೆ, ಜಿಡ್ಡಿನ ಊಟ ಬಂದಾಗ ಹಿಂಡಿ ಕರುಳಿಗೆ ಬಿಡುತ್ತದೆ. ಪಿತ್ತರಸದಲ್ಲಿ ಕೊಲೆಸ್ಟ್ರಾಲ್ ಜಾಸ್ತಿಯಾಗಿಯೋ, ಪಿತ್ತಕೋಶ ಸರಿಯಾಗಿ ಹಿಂಡದೆಯೋ ಅದು ಹರಳುಗಟ್ಟುತ್ತದೆ. ಹೆಂಗಸರಲ್ಲಿ ಜಾಸ್ತಿ, ವಯಸ್ಸಾದ ಹಾಗೆ ಜಾಸ್ತಿ, ದಪ್ಪ ಇರುವವರಲ್ಲಿ, ಶುಗರ್ ಇರುವವರಲ್ಲಿ, ಬಸುರಿಯರಲ್ಲಿ, ಮತ್ತೆ ಒಂದೇ ಸಮ ಉಪವಾಸ ಮಾಡಿ ಬೇಗ ತೂಕ ಇಳಿಸಿದವರಲ್ಲೂ ಜಾಸ್ತಿ. ದೊಡ್ಡ ಕಲ್ಲಿಗಿಂತ ಸಣ್ಣ ಕಲ್ಲು ನಾಳಕ್ಕೆ ಜಾರುವುದು ಸುಲಭ. ಅಮ್ಮನದು ಹಾಗೇ ಜಾರಿರಬೇಕು ಅಂದರು.

ಅಮ್ಮ ಕೇಳಿಯೇಬಿಟ್ಟರು: "ನಾಟಿ ಔಷಧಿಲಿ ಹೋಗಲ್ವಾ ಸಾರ್?" ನಮ್ಮದು ತೆಂಗಿನ ತೋಟ ಅಂತ ಆಗಲೇ ಮಾತಿನಲ್ಲಿ ಬಂದಿತ್ತು. ಡಾಕ್ಟರು ಹೇಳಿದರು: "ಡ್ರಿಪ್ ಪೈಪಿನ ತುದಿಯಲ್ಲಿ ಕಸ ಸಿಕ್ಕಿಕೊಂಡರೆ ನೀರು ಹಿಂದಕ್ಕೆ ಒತ್ತುತ್ತಲ್ಲ ತಾಯಿ, ಹಾಗೇ ಇದು. ಮರಕ್ಕೆ ಔಷಧಿ ಹೊಡೆದರೆ ಪೈಪಿನ ಕಸ ಹೋಗುತ್ತಾ?" ಅಮ್ಮ ಆಮೇಲೆ ಆ ಪ್ರಶ್ನೆ ಎತ್ತಲೇ ಇಲ್ಲ. ಊರಿಗೆ ಫೋನ್ ಮಾಡಿ ದೊಡ್ಡಮ್ಮನಿಗೂ ಅದನ್ನೇ ಹೇಳಿದರು.

ಬಾಳೆದಿಂಡಿನ ರಸ ಕುಡಿಸಿ ಅಂತ ಹೇಳಿದವರೂ ಬಹಳ ಜನ. ಅದನ್ನು ಹೇಳುವುದು ಮೂತ್ರಪಿಂಡದ ಕಲ್ಲಿಗೆ. ಅಲ್ಲಿಯ ಸಣ್ಣ ಕಲ್ಲು ಮೂತ್ರದಲ್ಲಿ ಹೊರಗೆ ಹೋಗಬಹುದು. ಪಿತ್ತಕೋಶಕ್ಕೂ ಮೂತ್ರದ ದಾರಿಗೂ ಸಂಬಂಧವೇ ಇಲ್ಲ. ಕಲ್ಲು ಕರಗಿಸುವ ಮಾತ್ರೆ ಬಗ್ಗೆಯೂ ಕೇಳಿದೆ. ಕೆಲವು ಸಣ್ಣ ಕೊಲೆಸ್ಟ್ರಾಲ್ ಕಲ್ಲಿಗೆ ಮಾತ್ರ, ಅದೂ ತಿಂಗಳುಗಟ್ಟಲೆ ತಗೊಂಡರೆ ಸ್ವಲ್ಪ ಕೆಲಸ ಮಾಡುತ್ತದೆ, ನಿಲ್ಲಿಸಿದರೆ ಮತ್ತೆ ಬರಬಹುದು, ಕಾಮಾಲೆ ಆದ ಮೇಲೆ ಅದರ ಮಾತೇ ಇಲ್ಲ ಅಂದರು.

ಎಂಆರ್‌ಸಿಪಿಗೆ ದಿನ ಕೊಟ್ಟರು. ಆದರೆ ಅದಕ್ಕೂ ಮುಂಚಿನ ರಾತ್ರಿ ಅಮ್ಮನಿಗೆ ಚಳಿಜ್ವರ ಬಂತು. ಎರಡು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಅನ್ನುತ್ತಿತ್ತು. ಏನೇನೋ ಮಾತಾಡುತ್ತಿದ್ದರು. ಕಾಮಾಲೆ, ಹೊಟ್ಟೆನೋವು, ಚಳಿಜ್ವರ ಮೂರೂ ಸೇರಿದರೆ ಒಂದು ಗಂಟೆಯೂ ಮನೆಯಲ್ಲಿ ಇಟ್ಟುಕೊಳ್ಳಬೇಡಿ ಅಂತ ಡಾಕ್ಟರು ಮೊದಲೇ ಹೇಳಿ ಕಳಿಸಿದ್ದರು. ಕಟ್ಟಿಕೊಂಡ ಪಿತ್ತರಸಕ್ಕೆ ಸೋಂಕು ತಗುಲಿ ಅದು ರಕ್ತಕ್ಕೆ ಹರಡುವ ಸ್ಥಿತಿ ಅದು. ಅದಕ್ಕೆ ಕೋಲಾಂಜೈಟಿಸ್ ಅನ್ನುತ್ತಾರೆ. ನಡುರಾತ್ರಿ ಆಟೊದಲ್ಲಿ ಹೊರಟೆವು.

ಎಮರ್ಜೆನ್ಸಿಯಲ್ಲಿ ತಕ್ಷಣ ಡ್ರಿಪ್ ಹಾಕಿದರು, ಯಾವ ಸೋಂಕು ಅಂತ ನೋಡುವ ಬ್ಲಡ್ ಕಲ್ಚರ್‌ಗೆ ರಕ್ತ ತೆಗೆದು ಆಂಟಿಬಯಾಟಿಕ್ ಶುರು ಮಾಡಿದರು. ಸೋಂಕಿದ್ದಾಗ ಏರುವ ಬಿಳಿ ರಕ್ತಕಣ 17,000 ದಾಟಿತ್ತು. ಮೇಲೆ ವಾರ್ಡಿನಲ್ಲಿ ಹಾಸಿಗೆ ಖಾಲಿಯಿಲ್ಲ ಅಂತ ಬೆಳಗಿನ ತನಕ ಎಮರ್ಜೆನ್ಸಿಯ ಮಂಚದಲ್ಲೇ ಇದ್ದರು. ಒಬ್ಬರಿಗೆ ಮಾತ್ರ ಒಳಗೆ ಬಿಡುತ್ತಾರೆ. ಅಪ್ಪ ಹೊರಗೆ ಕಬ್ಬಿಣದ ಕುರ್ಚಿಯಲ್ಲಿ ಕೂತು ನಿದ್ದೆ ಮಾಡದೆ ಬಾಗಿಲನ್ನೇ ನೋಡುತ್ತಿದ್ದರು. ನಾನು ಹೊರಗೆ ಬಂದಾಗಲೆಲ್ಲ ಏನೂ ಕೇಳುತ್ತಿರಲಿಲ್ಲ, ಎದ್ದು ನಿಲ್ಲುತ್ತಿದ್ದರು. ಆ ರಾತ್ರಿಯಷ್ಟು ಭಯ ನನಗೆ ಯಾವತ್ತೂ ಆಗಿಲ್ಲ.

ಅಡ್ಮಿಟ್ ಮಾಡುವಾಗ 25,000 ಅಡ್ವಾನ್ಸ್ ಕೇಳಿದರು. ಇನ್ಶೂರೆನ್ಸ್ ಇದ್ದರೂ ಕೇಳಿದರು, ಕ್ಯಾಷ್‌ಲೆಸ್ ಒಪ್ಪಿಗೆ ಬಂದ ಮೇಲೆ ವಾಪಸ್ ಅಂದರು. ನಿಮ್ಮ ಕಾರ್ಡಿನಲ್ಲಿ ಅಷ್ಟು ದುಡ್ಡು ಇಟ್ಟುಕೊಂಡಿರಿ.

ಬೆಳಿಗ್ಗೆ ಎಂಆರ್‌ಸಿಪಿ. ಇದು ಎಂಆರ್‌ಐ ಯಂತ್ರದಲ್ಲೇ ಮಾಡುವುದು, ಪಿತ್ತನಾಳವನ್ನು ನೋಡುವ ವಿಧಾನ. ನೋವಿಲ್ಲ, ಸದ್ದು ಜಾಸ್ತಿ, ಹೇಳಿದಾಗ ಉಸಿರು ಹಿಡಿಯಬೇಕು, ಅಷ್ಟೇ. ನಾಲ್ಕಾರು ಗಂಟೆ ಏನೂ ತಿಂದಿರಬಾರದು. ಪೇಸ್‌ಮೇಕರ್ ಇದ್ದರೆ, ಮೈಯೊಳಗೆ ಯಾವುದೇ ಲೋಹ ಕೂರಿಸಿದ್ದರೆ ಮೊದಲೇ ಹೇಳಬೇಕು. ನಮಗೆ ತೊಡಕಾಗಿದ್ದು ಒಡವೆ. ಬಳೆ, ಓಲೆ, ಕಾಲುಂಗುರ, ತಾಳಿ, ಮೂಗುಬೊಟ್ಟು, ಮೈಮೇಲೆ ಏನೂ ಇರಬಾರದು. ಕಾಲುಂಗುರ ಸೋಪು ಹಚ್ಚಿ ತೆಗೆದೆವು. ಮದುವೆಯಾದಾಗಿನಿಂದ ತಾಳಿ ಬಿಚ್ಚಿಲ್ಲದ ಅಮ್ಮ ಮುಖ ಗೋಡೆಗೆ ತಿರುಗಿಸಿಕೊಂಡರು. ಪಕ್ಕದ ಮಂಚದ ಅಜ್ಜಿಯ ಸೊಸೆ ನೋಡಿ, ಕೆಳಗಿನ ಅಂಗಡಿಯಿಂದ ಅರಿಶಿನದ ಕೊಂಬು ತಂದು ದಾರಕ್ಕೆ ಕಟ್ಟಿಕೊಟ್ಟಳು. ಅದನ್ನು ಕಟ್ಟಿಕೊಂಡ ಮೇಲೆ ಅಮ್ಮ ತಾವೇ ತಾಳಿ ಬಿಚ್ಚಿ ಅಪ್ಪನ ಕೈಗೆ ಕೊಟ್ಟರು. ಮೂಗುಬೊಟ್ಟಿನ ತಿರುಪು ಮಾತ್ರ ಏನು ಮಾಡಿದರೂ ಬರಲಿಲ್ಲ. ನಮ್ಮ ಸರದಿ ಹೋಯಿತು, ಬೇರೆಯವರನ್ನು ಒಳಗೆ ಕರೆದರು. ಕೊನೆಗೆ ಒಬ್ಬ ಸಿಸ್ಟರ್ ಎಣ್ಣೆ ಬಿಟ್ಟು ನಿಧಾನಕ್ಕೆ ತಿರುಗಿಸಿ ತೆಗೆದರು. ಅಮ್ಮಂದಿರನ್ನು ಕರೆದುಕೊಂಡು ಬರುವವರು ದಯವಿಟ್ಟು ಊರಿನಲ್ಲೇ ಅಕ್ಕಸಾಲಿಗರ ಹತ್ತಿರ ಮೂಗುಬೊಟ್ಟು ತೆಗೆಸಿಕೊಂಡು ಬನ್ನಿ. ಒಡವೆ ಮನೆಯಲ್ಲೇ ಬಿಟ್ಟು ಬಂದರೆ ಇನ್ನೂ ಒಳ್ಳೆಯದು.

ಎಂಆರ್‌ಸಿಪಿಗೆ 8,500 ಆಯಿತು. ನಾಳದ ಕೆಳತುದಿಯಲ್ಲಿ ಎರಡು ಕಲ್ಲು, ದೊಡ್ಡದು 7 ಮಿಲಿಮೀಟರ್. ಗಡ್ಡೆ ಏನೂ ಕಾಣುತ್ತಿಲ್ಲ ಅಂತ ಬರೆದಿತ್ತು. ಆ ಸಾಲನ್ನು ನಾನು ಎಷ್ಟು ಸಲ ಓದಿದೆನೋ.

ಮುಂದಿನದು ಇಆರ್‌ಸಿಪಿ. ಇದರ ಹೆಸರಿಗೇ ಜನ ಹೆದರುತ್ತಾರೆ, ಆದ್ದರಿಂದ ಬಿಡಿಸಿ ಬರೆಯುತ್ತೇನೆ. ಹೊಟ್ಟೆ ಕೊಯ್ಯುವುದಿಲ್ಲ. ಮಂಪರು ಬರಿಸಿ ಬಾಯಿಂದ ಎಂಡೋಸ್ಕೋಪ್, ಅಂದರೆ ಕ್ಯಾಮೆರಾ ಇರುವ ಉದ್ದನೆಯ ಕೊಳವೆ, ಇಳಿಸುತ್ತಾರೆ. ಹೊಟ್ಟೆ ದಾಟಿ ಸಣ್ಣಕರುಳಿನ ಮೊದಲ ಭಾಗದಲ್ಲಿ ಪಿತ್ತನಾಳ ತೆರೆಯುವ ಸಣ್ಣ ಬಾಯಿ ಇದೆ, ಅದನ್ನು ಸ್ವಲ್ಪ ಅಗಲ ಮಾಡುತ್ತಾರೆ. ಎಕ್ಸ್‌ರೇ ನೋಡುತ್ತಾ ಬಲೂನಿನಿಂದಲೋ ಸಣ್ಣ ಬುಟ್ಟಿಯಂಥ ತಂತಿಯಿಂದಲೋ ಕಲ್ಲನ್ನು ಕರುಳಿಗೆ ಎಳೆದು ಬಿಡುತ್ತಾರೆ. ಅದು ಮಲದಲ್ಲಿ ಹೋಗುತ್ತದೆ. ಪಿತ್ತರಸ ಸರಾಗವಾಗಿ ಹರಿಯಲಿ ಅಂತ ಬೇಕಾದರೆ ಪ್ಲಾಸ್ಟಿಕ್ಕಿನ ಸಣ್ಣ ಕೊಳವೆ, ಅಂದರೆ ಸ್ಟೆಂಟ್, ಇಟ್ಟು ಬರುತ್ತಾರೆ.

ಅಪಾಯವೇ ಇಲ್ಲ ಅಂತಲ್ಲ. ಸಹಿ ಹಾಕಿಸಿಕೊಳ್ಳುವಾಗ ಡಾಕ್ಟರು ಎಲ್ಲ ಹೇಳಿದರು. ಮೇದೋಜ್ಜೀರಕ ಗ್ರಂಥಿ, ಅಂದರೆ ಪ್ಯಾಂಕ್ರಿಯಾಸ್, ಊದಿಕೊಳ್ಳುವುದು ಮುಖ್ಯವಾದದ್ದು. ನೂರಕ್ಕೆ 3ರಿಂದ 10 ಜನರಲ್ಲಿ ಆಗಬಹುದು, ಹೆಚ್ಚಿನವರಲ್ಲಿ ಸೌಮ್ಯವಾಗಿರುತ್ತದೆ, ಅದನ್ನು ತಪ್ಪಿಸಲು ಗುದದ್ವಾರದಲ್ಲಿ ಒಂದು ಮಾತ್ರೆ ಇಡುತ್ತಾರೆ. ರಕ್ತಸ್ರಾವ, ಕರುಳಿಗೆ ತೂತು ಆಗುವುದು ಅಪರೂಪ, ಆದರೆ ಆಗಬಹುದು. ಸಹಿ ಹಾಕುವಾಗ ಅಪ್ಪನ ಕೈ ನಡುಗುತ್ತಿತ್ತು. ನಾನು ಕೇಳಿದೆ, ಮಾಡಿಸದೇ ಹೋದರೆ? "ಸೋಂಕು ಮೈಗೆಲ್ಲ ಹರಡುತ್ತೆ ಅಮ್ಮ, ಅದರ ಅಪಾಯ ಇದಕ್ಕಿಂತ ತುಂಬಾ ದೊಡ್ಡದು" ಅಂದರು. ಹೀಗೆ ಕೇಳಿ, ಸಂಕೋಚ ಬೇಡ. ಕೇಳಿದರೆ ಹೇಳುತ್ತಾರೆ.

ಇನ್ನೇನು ಕರೆದುಕೊಂಡು ಹೋಗಬೇಕು, ರಕ್ತ ಹೆಪ್ಪುಗಟ್ಟುವ ಪರೀಕ್ಷೆಯಲ್ಲಿ ಐಎನ್‌ಆರ್ 1.7 ಬಂತು. ಪಿತ್ತರಸ ಕರುಳಿಗೆ ಹೋಗದಿದ್ದರೆ ವಿಟಮಿನ್ ಕೆ ಮೈಗೆ ಹತ್ತುವುದಿಲ್ಲ, ಅದಿಲ್ಲದೆ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟು ಕಾಯಿಸಿದರು, ಇಳಿದ ಮೇಲೆ ಒಳಗೆ ಕರೆದುಕೊಂಡರು. ಹೃದಯಕ್ಕೋ ಪಾರ್ಶ್ವವಾಯುವಿಗೋ ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರಿದ್ದರೆ ಮಾತ್ರೆಯ ಶೀಟನ್ನೇ ತಂದು ತೋರಿಸಿ. ನಿಲ್ಲಿಸಬೇಕಾ ಬೇಡವಾ ಅಂತ ಡಾಕ್ಟರೇ ಹೇಳಬೇಕು, ನಾವೇ ನಿಲ್ಲಿಸಬಾರದು. ಶುಗರ್ ಮಾತ್ರೆಯೂ ಹಾಗೇ. ಉಪವಾಸ ಇರಿಸುವ ದಿನ ಅದನ್ನು ಕೊಟ್ಟರೆ ಶುಗರ್ ಇಳಿದುಬಿಡಬಹುದು, ಕೇಳಿಯೇ ಕೊಡಿ.

ಇಆರ್‌ಸಿಪಿ ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ಎರಡೂ ಕಲ್ಲು ಬಂದವು, ಜೊತೆಗೆ ಕೀವೂ ಇತ್ತು, ಅದಕ್ಕೇ ಸ್ಟೆಂಟ್ ಇಟ್ಟಿದ್ದೇವೆ ಅಂದರು. ಸಂಜೆ ತನಕ ಬಾಯಿಗೆ ಹನಿ ನೀರೂ ಇಲ್ಲ. ಮಾರನೇ ದಿನ ಪ್ಯಾಂಕ್ರಿಯಾಸ್ ಸರಿಯಾಗಿದೆ ಅಂತ ರಕ್ತಪರೀಕ್ಷೆಯಲ್ಲಿ ಗೊತ್ತಾದ ಮೇಲೆ ಗಂಜಿ ಕೊಟ್ಟರು. ಜ್ವರ ಬಿಟ್ಟಿತು. ಕೆರೆತ ಕಡಿಮೆಯಾಗಿ ಅಮ್ಮ ನಿದ್ದೆ ಮಾಡಿದರು. ಕಣ್ಣಿನ ಹಳದಿ ಮಾತ್ರ ತಕ್ಷಣ ಹೋಗಲ್ಲ, ನಿಧಾನಕ್ಕೆ ಇಳಿಯುತ್ತದೆ. ಇನ್ನೂ ಹಳದಿ ಇದೆಯಲ್ಲ ಅಂತ ನೋಡಲು ಬಂದವರೆಲ್ಲ ಹೇಳುತ್ತಾರೆ, ಕಂಗಾಲಾಗಬೇಡಿ.

ಕಾಮಾಲೆ ಇಳಿಯುತ್ತಿದ್ದ ಹಾಗೆ ಅಮ್ಮನಿಗೆ ಮನೆಯ ಚಿಂತೆ. ಪಿತ್ತಕೋಶದ ಆಪರೇಷನ್ ಆಮೇಲೆ ಮಾಡಿಸೋಣ, ಆಷಾಢ ಕಳೀಲಿ, ಕಾಯಿ ಕೆಡವಿಸುವುದು ಮುಗೀಲಿ ಅಂತ ಹಟ ಹಿಡಿದರು. ಇಲ್ಲೇ ಬಹಳ ಜನ ನಿಲ್ಲಿಸಿಬಿಡುತ್ತಾರಂತೆ. ನಾಳದ ಕಲ್ಲು ತೆಗೆದಾಯಿತು, ಆದರೆ ಪಿತ್ತಕೋಶದ ತುಂಬ ಇನ್ನೂ ಕಲ್ಲಿದೆಯಲ್ಲ. ಅದರಲ್ಲಿ ಒಂದು ಜಾರಿದರೆ ಮತ್ತೆ ಇದೇ ಪಾಡು, ಪ್ಯಾಂಕ್ರಿಯಾಸಿನ ದಾರಿಗೆ ಅಡ್ಡ ಬಂದರೆ ಇನ್ನೂ ಕಷ್ಟ. ಸೋಂಕು ಇಳಿದಿದೆ, ಈ ಸಲದ ಅಡ್ಮಿಷನ್ನಿನಲ್ಲೇ ಮುಗಿಸಿಬಿಡೋಣ ಅಂತ ಸರ್ಜನ್ ಹೇಳಿದರು. ಬರೀ ಕಲ್ಲು ತೆಗೆದು ಪಿತ್ತಕೋಶ ಉಳಿಸಿ ಅಂತ ಅಪ್ಪ ಕೇಳಿದರು. ಉಳಿಸಿದರೆ ಮತ್ತೆ ಅಲ್ಲೇ ಕಲ್ಲು ಹುಟ್ಟುತ್ತದೆ, ಅದಿಲ್ಲದೆಯೂ ಲಿವರ್ ಪಿತ್ತರಸವನ್ನು ನೇರವಾಗಿ ಕರುಳಿಗೆ ಕಳಿಸುತ್ತದೆ ಅಂದರು. ಅಮ್ಮನನ್ನು ಒಪ್ಪಿಸಿದ್ದು ತಮ್ಮ. "ಕಾಯಿ ನಾನು ಕೆಡವಿಸ್ತೀನಿ, ನೀನು ಎಲ್ಲಾ ಮುಗಿಸ್ಕೊಂಡು ಬಾ" ಅಂತ ಫೋನಿನಲ್ಲಿ ಗದರಿದ.

ಲ್ಯಾಪ್ರೋಸ್ಕೋಪಿ, ಅಂದರೆ ಹೊಟ್ಟೆಯ ಮೇಲೆ ನಾಲ್ಕು ಸಣ್ಣ ತೂತು. ಭಾರತದಲ್ಲಿ ಹೀಗೆ ತೂತಿನಿಂದ ಪಿತ್ತಕೋಶವನ್ನು ಮೊದಲು ತೆಗೆದದ್ದು ಮುಂಬೈನ ಡಾ. ತೆಹೆಮ್ಟನ್ ಉದ್ವಾಡಿಯ, 1990ರಲ್ಲಿ. ಈಗ ಜಿಲ್ಲಾ ಕೇಂದ್ರಗಳಲ್ಲೂ ದಿನನಿತ್ಯ ಆಗುವ ಆಪರೇಷನ್. ಒಳಗೆ ತುಂಬಾ ಅಂಟಿಕೊಂಡಿದ್ದರೆ ಹೊಟ್ಟೆ ತೆರೆದು ಮಾಡಬೇಕಾಗಬಹುದು ಅಂತ ಮೊದಲೇ ಸಹಿ ಹಾಕಿಸಿಕೊಳ್ಳುತ್ತಾರೆ. ಅಮ್ಮನಿಗೆ ಊತ ಇದ್ದದ್ದರಿಂದ ಎರಡು ಗಂಟೆ ಮೀರಿತು, ಆದರೆ ತೂತಿನಲ್ಲೇ ಮುಗಿಯಿತು. ಸಂಜೆಗೆ ಎಬ್ಬಿಸಿ ನಡೆಸಿದರು. ಗಾಯಕ್ಕಿಂತ ಬಲಹೆಗಲು ಜಾಸ್ತಿ ನೋಯುತ್ತಿದೆ ಅಂತ ಅಮ್ಮ ಅತ್ತರು. ಹಳೇ ನೋವೇ ಮತ್ತೆ ಬಂತಾ ಅಂತ ನಮಗೆ ಗಾಬರಿ. ಅದು ಆಪರೇಷನ್ನಿಗೆ ಹೊಟ್ಟೆಯೊಳಗೆ ತುಂಬುವ ಗ್ಯಾಸಿನಿಂದ ಬರುವ ನೋವು, ಒಂದೆರಡು ದಿನದಲ್ಲಿ ಹೋಗುತ್ತದೆ. ಹೋಯಿತು.

ತೆಗೆದ ಕಲ್ಲುಗಳನ್ನು ಡಬ್ಬಿಯಲ್ಲಿ ಹಾಕಿ ಕೊಟ್ಟರು. ಪಿತ್ತಕೋಶವನ್ನು ಬಯಾಪ್ಸಿಗೆ ಕಳಿಸಿದರು. ಇದಕ್ಕೆ ಬೇರೆ ದುಡ್ಡು, ವರದಿಗೆ ಒಂದು ವಾರ. ಬೇಡ ಅನ್ನಬೇಡಿ, ವರದಿ ತಗೊಳ್ಳಲು ಮರೆಯಬೇಡಿ. ಅಪರೂಪಕ್ಕೆ ಕಲ್ಲಿನ ಜೊತೆ ಕ್ಯಾನ್ಸರ್ ಇರುವುದು ಅದರಲ್ಲೇ ಗೊತ್ತಾಗುವುದು. ಅಮ್ಮನದು ಬರೀ ಹಳೆಯ ಊತ ಅಂತ ಬಂತು.

ಇನ್ನು ದುಡ್ಡಿನ ವಿಷಯ. ನನ್ನ ಕಂಪನಿಯ ಪಾಲಿಸಿಯಲ್ಲಿ ಅಪ್ಪ ಅಮ್ಮ ಇದ್ದಾರೆ, ಅವರ ಖರ್ಚಿನಲ್ಲಿ ನೂರಕ್ಕೆ 20 ನಾವು ಕೊಡಬೇಕು. ಅಮ್ಮನ ಆಧಾರ್‌ನಲ್ಲಿ ಇರುವ ಇನಿಷಿಯಲ್ ಪಾಲಿಸಿಯಲ್ಲಿ ಇರಲಿಲ್ಲ. ಅಷ್ಟಕ್ಕೇ ಕ್ಯಾಷ್‌ಲೆಸ್ ಅರ್ಜಿ ನಿಂತಿತು, ಕಂಪನಿಯ ಎಚ್‌ಆರ್‌ನಿಂದ ಪತ್ರ ತರಿಸಬೇಕಾಯಿತು. ಇವತ್ತೇ ನಿಮ್ಮ ಅಪ್ಪ ಅಮ್ಮನ ಹೆಸರು, ಹುಟ್ಟಿದ ದಿನ ಎರಡರಲ್ಲೂ ಒಂದೇ ಇದೆಯಾ ನೋಡಿ. ಆಮೇಲೆ ನೋವು ಯಾವಾಗಿನಿಂದ, ಮೊದಲು ತೋರಿಸಿದ ಚೀಟಿ ಎಲ್ಲಿ ಅಂತ ಕೇಳಿದರು. ಸ್ವಂತವಾಗಿ ಮಾಡಿಸಿದ ಪಾಲಿಸಿಗಳಲ್ಲಿ ಪಿತ್ತಕೋಶದ ಕಲ್ಲಿಗೆ ಸಾಮಾನ್ಯವಾಗಿ ಎರಡು ವರ್ಷ ಕಾಯುವ ನಿಯಮ ಇರುತ್ತದೆ, ಅದಕ್ಕೇ ಕೇಳುವುದು. ತಮ್ಮ ಊರಿನ ಕ್ಲಿನಿಕ್ಕಿನ ಚೀಟಿ, ಇಸಿಜಿ ಎಲ್ಲ ಒಂದು ಕವರಿನಲ್ಲಿ ಹಾಕಿಟ್ಟಿದ್ದ, ಅದು ಉಪಯೋಗಕ್ಕೆ ಬಂತು.

ಒಟ್ಟು ಬಿಲ್ 2,62,000. ಗ್ಲೌಸು, ಸಿರಿಂಜು, ಫೈಲ್ ಚಾರ್ಜು ಅಂತ 16,000ಕ್ಕೆ ಪಾಲಿಸಿ ಕೊಡಲಿಲ್ಲ. ಉಳಿದದ್ದರಲ್ಲಿ ನಮ್ಮ ಪಾಲು 49,200. ಹೊರಗಿನ ಪರೀಕ್ಷೆ, ಔಷಧಿ, ಓಡಾಟ ಬೇರೆ. ರೂಮಿನ ಬಾಡಿಗೆಗೆ ಪಾಲಿಸಿಯಲ್ಲಿ ಮಿತಿ ಇದ್ದರೆ ಅದರೊಳಗಿನ ರೂಮನ್ನೇ ತಗೊಳ್ಳಿ, ಇಲ್ಲದಿದ್ದರೆ ಬಾಡಿಗೆ ಮಾತ್ರವಲ್ಲ, ಡಾಕ್ಟರ್ ಫೀಸು, ಥಿಯೇಟರ್ ಚಾರ್ಜಿನಲ್ಲೂ ಅದೇ ಅಳತೆಯಲ್ಲಿ ಕಡಿತ ಮಾಡುತ್ತಾರೆ. ಡಿಸ್ಚಾರ್ಜ್ ಅಂತ ಬೆಳಿಗ್ಗೆ ಹೇಳಿದವರು ಬಿಟ್ಟಿದ್ದು ಕತ್ತಲಾದ ಮೇಲೆ. ಆಸ್ಪತ್ರೆಯಿಂದ ಅಂತಿಮ ಬಿಲ್ ಹೋದ ಮೇಲೆ ಇನ್ಶೂರೆನ್ಸ್‌ನವರು 3 ಗಂಟೆಯೊಳಗೆ ಒಪ್ಪಿಗೆ ಕೊಡಬೇಕು ಅಂತ ಇನ್ಶೂರೆನ್ಸ್ ಕಂಪನಿಗಳ ಮೇಲಿನ ಸರ್ಕಾರಿ ಸಂಸ್ಥೆ ಐಆರ್‌ಡಿಎಐ 2024ರಲ್ಲೇ ನಿಯಮ ಮಾಡಿದೆ. ಅದನ್ನು ಡೆಸ್ಕಿನಲ್ಲಿ ಹೇಳಿ ಬಿಲ್ ಎಷ್ಟು ಗಂಟೆಗೆ ಕಳಿಸಿದಿರಿ ಅಂತ ಕೇಳಿದಾಗ ಗೊತ್ತಾಯಿತು, ಅದು ಆಸ್ಪತ್ರೆಯಿಂದಲೇ ಇನ್ನೂ ಹೋಗಿರಲಿಲ್ಲ.

ಪಾಲಿಸಿ ಇಲ್ಲದವರು ಧೈರ್ಯಗೆಡಬೇಡಿ. ಪಕ್ಕದ ಮಂಚದ ಅಜ್ಜಿಯ ಮಗ ಇದನ್ನೆಲ್ಲ ಚೆನ್ನಾಗಿ ತಿಳಿದುಕೊಂಡಿದ್ದರು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಅನ್ನುವ ಸರ್ಕಾರಿ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ನೂರಕ್ಕೆ 30ರಷ್ಟು, ವರ್ಷಕ್ಕೆ 1.5 ಲಕ್ಷದ ತನಕ ಸಿಗುತ್ತದೆ. ರೇಷನ್ ಕಾರ್ಡು, ಆಧಾರ್ ಬೇಕು. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗದಿದ್ದರೆ ರೆಫರಲ್ ಚೀಟಿ ತಗೊಂಡು ಮುಂದಕ್ಕೆ. ತುರ್ತು ಸ್ಥಿತಿಯಲ್ಲಿ ಯೋಜನೆಯಲ್ಲಿರುವ ಆಸ್ಪತ್ರೆಗೆ ನೇರವಾಗಿ ಹೋಗಬಹುದು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಹೊಟ್ಟೆ, ಲಿವರ್ ಕಾಯಿಲೆಗೆಂದೇ ಸರ್ಕಾರದ ಪ್ರತ್ಯೇಕ ಸಂಸ್ಥೆ ಇದೆ. ಅನುಮಾನ ಇದ್ದರೆ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ ಕೇಳಿ.

ಮನೆಗೆ ಬಂದ ಮೇಲೆ ಸ್ವಲ್ಪ ದಿನ ಅಮ್ಮನಿಗೆ ಊಟವಾದ ತಕ್ಷಣ ಭೇದಿ ಆಗುತ್ತಿತ್ತು. ಕೆಲವರಿಗೆ ಹಾಗಾಗುತ್ತದಂತೆ, ಮೈ ಹೊಂದಿಕೊಂಡ ಹಾಗೆ ಸರಿಹೋಗುತ್ತದೆ. ಕರಿದದ್ದು ಕಡಿಮೆ, ಒಂದೇ ಸಲ ಹೊಟ್ಟೆ ತುಂಬ ತಿನ್ನುವ ಬದಲು ಸ್ವಲ್ಪ ಸ್ವಲ್ಪ. ಮುದ್ದೆ ಸಾರು ಅನ್ನ ಮಜ್ಜಿಗೆ ಎಲ್ಲ ಬೇಗನೇ ಶುರು ಮಾಡಿದರು. ಜೀವನಪೂರ್ತಿ ಪಥ್ಯ ಅಂತ ಏನೂ ಇಲ್ಲ. ಭಾರ ಎತ್ತಬೇಡಿ ಅಂದಿದ್ದಾರೆ, ಕೊಡ ಹಿಡಿಯದ ಹಾಗೆ ಕಾಯುವುದೇ ತಮ್ಮನಿಗೆ ಕೆಲಸವಾಗಿತ್ತು.

ಸ್ಟೆಂಟ್ ಬಗ್ಗೆ ಒತ್ತಿ ಹೇಳುತ್ತೇನೆ. ಪ್ಲಾಸ್ಟಿಕ್ ಸ್ಟೆಂಟನ್ನು ಡಾಕ್ಟರು ಹೇಳಿದ ದಿನಕ್ಕೆ ತೆಗೆಸಲೇಬೇಕು. ಅಮ್ಮನಿಗೆ 6 ವಾರ ಅಂದಿದ್ದರು, ಸಾಮಾನ್ಯವಾಗಿ 3 ತಿಂಗಳು ಮೀರಲು ಬಿಡುವುದಿಲ್ಲ. ಬಿಟ್ಟರೆ ಅದೇ ಕಟ್ಟಿಕೊಂಡು ಮತ್ತೆ ಕಾಮಾಲೆ, ಚಳಿಜ್ವರ. ನೋವು ಹೋಯಿತಲ್ಲ ಅಂತ ಮರೆತು ವರ್ಷಗಳ ಮೇಲೆ ಬರುವವರಿದ್ದಾರೆ ಅಂತ ಸಿಸ್ಟರ್ ಹೇಳಿದರು. ಡಿಸ್ಚಾರ್ಜ್ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಸಣ್ಣದಾಗಿ ಬರೆದಿರುತ್ತಾರೆ, ಹಳ್ಳಿಯಲ್ಲಿ ಯಾರು ಓದುತ್ತಾರೆ? ತಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿಟ್ಟ. ತೆಗೆಯುವುದು ಬರೀ ಎಂಡೋಸ್ಕೋಪಿ, ಹತ್ತು ಹದಿನೈದು ನಿಮಿಷ, ಅವತ್ತೇ ಮನೆಗೆ. 12,000 ಆಯಿತು. ಡಿಸ್ಚಾರ್ಜ್ ಆದ ಮೇಲಿನ ಇಂಥ ಖರ್ಚನ್ನೂ ಹೆಚ್ಚಿನ ಪಾಲಿಸಿಗಳು ಒಂದು ಅವಧಿಯ ತನಕ ಕೊಡುತ್ತವೆ. ನಮ್ಮದರಲ್ಲಿ 60 ದಿನ. ಬಿಲ್ಲು, ಚೀಟಿ ಅಸಲು ಇಟ್ಟುಕೊಂಡಿರಿ. ಕೊನೆಯ ಎಲ್‌ಎಫ್‌ಟಿಯಲ್ಲಿ ಬಿಲಿರುಬಿನ್ 0.8.

ಅಮ್ಮನದು ಮುಗಿದ ಮೇಲೆ ದೊಡ್ಡಮ್ಮನೂ ಹೋಗಿ ಸ್ಕ್ಯಾನಿಂಗ್ ಮಾಡಿಸಿದರು. ಅವರಿಗೂ ಒಂದು ಕಲ್ಲಿದೆ. ಆದರೆ ಇದುವರೆಗೆ ನೋವಿಲ್ಲ, ನಾಳ ಹಿಗ್ಗಿಲ್ಲ, ಎಲ್‌ಎಫ್‌ಟಿ ಸರಿಯಾಗಿದೆ. ಆಪರೇಷನ್ ಬೇಡ ಅಂದರು ಡಾಕ್ಟರು. ಕಲ್ಲಿರುವ ಹೆಚ್ಚಿನವರಿಗೆ ಯಾವ ತೊಂದರೆಯೂ ಕೊಡದೆ ಅದು ಹಾಗೇ ಇರುತ್ತದಂತೆ. ಊಟವಾದ ಮೇಲೆ ನೋವು ಶುರುವಾದರೆ ಬಂದು ತೋರಿಸಿ, ಕಣ್ಣು ಹಳದಿಯಾದರೆ ಅಥವಾ ಚಳಿಜ್ವರ ಬಂದರೆ ರಾತ್ರಿಯಾದರೂ ಸರಿ ಆಸ್ಪತ್ರೆಗೆ ಬನ್ನಿ ಅಂತ ಹೇಳಿ ಕಳಿಸಿದ್ದಾರೆ. ಮನೆಯವರಿಗೆಲ್ಲ ದೊಡ್ಡಮ್ಮ ಅದನ್ನು ತಾವೇ ಹೇಳಿಟ್ಟಿದ್ದಾರೆ.